ಇರೋರಿಗೆ ಒಂದೇ

ಸೊಲ್ಲಾಲ್ ಹಬ್ಬದ ರಜೆಗೆ ಮುಂಚಿನ ದಿನಗಳಲ್ಲಿ ನಮ್ಮ ಶಿಶುವಿಹಾರದಲ್ಲಿ ಅಕ್ಷರವೂ ಇಲ್ಲ, ಲೆಕ್ಕವೂ ಇಲ್ಲ. ಹೊಸ ವರ್ಷದ ಬೆಳಿಗ್ಗೆ ಹಿರಿಯರಿಗೆ ಅಡ್ಡಬೀಳುವುದನ್ನು ಕಲಿಸುವುದೊಂದೇ ಪಾಠ. ದುಡಿಯುವ ವಯಸ್ಸಿನವರೆಲ್ಲ ರಾಜಧಾನಿ ಸೋಲ್ ಸೇರಿ, ಕೊರಿಯಾದ ದಕ್ಷಿಣ ತುದಿಯ ಮೊಕ್ಪೊ ಕಡೆಯ ಈ ಮೀನುಗಾರರ ಊರಿನಲ್ಲಿ ಈ ವರ್ಷ ನನ್ನ ಪಾಲಿಗೆ ಉಳಿದದ್ದು ಐದೇ ಮಕ್ಕಳು. ಆದರೂ ಆ ಐವರೂ ಉದ್ದ ಲಂಗ, ದೊಗಳೆ ಪೈಜಾಮ ತೊಟ್ಟು ಒಬ್ಬರ ಮೇಲೊಬ್ಬರು ಉರುಳಿ ಬೀಳುವುದನ್ನು ನೋಡುವಾಗ ಆಗುವ ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆ ದಿನವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ದಾನ್ಬಿಯ ಸರದಿ ಬಂತು. ಆರು ವರ್ಷದ ಹುಡುಗಿ. ತಂದೆ ಮೊದಲೇ ಇಲ್ಲ, ತಾಯಿ ಎಲೆ ಉದುರುವ ಕಾಲದಲ್ಲಿ ತೀರಿಕೊಂಡಳು. ಮಂಡಿಯೂರಿ ಅಡ್ಡಬಿದ್ದಳು, ಎದ್ದಳು, ಮತ್ತೆ ಅಡ್ಡಬಿದ್ದಳು. ನಾನು ನಗು ನಿಲ್ಲಿಸಿ ಅವಳನ್ನು ಹಿಡಿದೆತ್ತಿದೆ. ಬದುಕಿರುವವರಿಗೆ ನಾವು ಒಂದೇ ಸಲ ಅಡ್ಡಬೀಳುತ್ತೇವೆ, ಸತ್ತವರಿಗೆ ಎರಡು ಸಲ. ದಾನ್ಬಿ ಸಾವಿನ ಮನೆಯಲ್ಲಿ ಮೂರು ದಿನ ತಾಯಿಯ ಫೋಟೋದ ಪಕ್ಕ ನಿಂತು, ಬಂದವರೆಲ್ಲ ಮಾಡಿದ್ದನ್ನು ನೋಡಿ ಕಲಿತಿದ್ದಳು.

“ಒಂದೇ ಸಾಕು ಪುಟ್ಟಿ.”

“ಅಮ್ಮಂಗೆ ಎಲ್ರೂ ಎರಡು ಮಾಡಿದ್ರು. ಅಜ್ಜಿಗ್ಯಾಕೆ ಕಮ್ಮಿ?”

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಅವಳ ಅಜ್ಜಿ ಬೊಕ್ಸುನ್, ಮಗಳು ಹೋದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಪಕ್ಕದ ಮನೆಯವರು ತಂದಿಟ್ಟ ಗಂಜಿಯನ್ನೂ ಸರಿಯಾಗಿ ಮುಟ್ಟುವುದಿಲ್ಲ. ಹಬ್ಬದ ದಿನ ಮೊಮ್ಮಗಳೇ ಎದುರು ನಿಂತು ಎರಡು ಸಲ ಅಡ್ಡಬಿದ್ದರೆ ಮುದುಕಿ ಅದನ್ನೇ ಅಪ್ಪಣೆ ಅಂದುಕೊಂಡು ಹೊರಟೇಬಿಡುತ್ತಾಳೆ. ಆಮೇಲೆ ಈ ಮಗುವಿಗೆ ಯಾರು ದಿಕ್ಕು?

“ಎರಡು ತೀರಿಕೊಂಡೋರಿಗೆ ಕಣೇ. ಇರೋರಿಗೆ ಒಂದೇ.”

ದಾನ್ಬಿ ಯೋಚಿಸಿದಳು. “ಅಜ್ಜಿ ದಿನಾ ಹೋಗ್ತೀನಿ ಹೋಗ್ತೀನಿ ಅಂತಾಳೆ. ಹಾಗಾದ್ರೆ ಎಷ್ಟು ಟೀಚರ್?”

“ಹೋಗೋ ತನಕ ಒಂದೇ.”

ಎರಡು ದಿನ ಅದನ್ನೇ ಮಾಡಿಸಿದೆ. ಒಂದಾದ ಕೂಡಲೇ ಅವಳ ಮಂಡಿ ತಾನಾಗಿ ಮತ್ತೆ ಮಡಿಯುತ್ತಿತ್ತು. ಉಳಿದ ನಾಲ್ವರು ಸುತ್ತ ನಿಂತು “ಒಂದೇ, ಒಂದೇ” ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ಕೊನೆಗೆ ಒಂದಕ್ಕೇ ನಿಂತಾಗ ಅವಳೂ ನಕ್ಕಳು. ತಾಯಿ ಹೋದ ಮೇಲೆ ಅವಳ ಹಲ್ಲು ಕಂಡದ್ದು ಅವತ್ತೇ. ನನಗಂತೂ ಕುಣಿಯುವಷ್ಟು ಸಂತೋಷವಾಯಿತು.

ರಜೆಗೆಂದು ಶಿಶುವಿಹಾರ ಬಿಟ್ಟ ಸಂಜೆ ನಾನೇ ಅವಳನ್ನು ಮನೆಗೆ ಕರೆದೊಯ್ದೆ. ಆ ಚಳಿಯಲ್ಲೂ ಕೋಣೆ ಬೆಚ್ಚಗಿಡುವ ನೆಲದಡಿಯ ಕಾವು ಹಾಕಿರಲಿಲ್ಲ. ಗಂಜಿಯ ಬಟ್ಟಲು ಮುಚ್ಚಿದ ಹಾಗೇ ಇತ್ತು.

“ಅಜ್ಜಿ, ಹಬ್ಬಕ್ಕೆ ಕಲ್ತಿದ್ದು ಈಗ್ಲೇ ತೋರಿಸ್ತೀನಿ, ಎದ್ದು ಕೂತ್ಕೋ. ಮಲಗಿದೋರಿಗೆ ಅಡ್ಡಬೀಳಬಾರ್ದಂತೆ.”

ಇದು ನಿನ್ನದೇ ಕಿತಾಪತಿ ಎಂಬಂತೆ ನನ್ನನ್ನು ದುರುಗುಟ್ಟಿ ನೋಡುತ್ತ ಮುದುಕಿ ಎದ್ದು ಕೂತಳು. ದಾನ್ಬಿ ಒಂದು ಸಲ ಅಡ್ಡಬಿದ್ದು ಎದ್ದು ನಿಂತಳು.

“ಇನ್ನೊಂದೂ ಮಾಡಿಬಿಡು ಕೂಸೇ,” ಎಂದಳು ಮುದುಕಿ. “ನಿಮ್ಮಮ್ಮನ ಹತ್ರ ಹೋಗ್ತೀನಿ.”

“ಮಾಡಲ್ಲ.” ಮಂಡಿ ಮಡಿಯಲು ಹೊರಟಿತು. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು. “ನೀನು ಹೋದ್ರೆ ಎರಡ್ನೇದು ಮಾಡೋಕೆ ನಾನೊಬ್ಳೇ ಇರೋದು.”

ಮುದುಕಿ ಮೊಮ್ಮಗಳ ಮಂಡಿಯ ಮೇಲಿನ ಕೈಗಳನ್ನು ಮೆಲ್ಲಗೆ ಬಿಡಿಸಿದಳು. ಆಮೇಲೆ ನನ್ನ ಕಡೆ ನೋಡದೆ, “ಟೀಚರಮ್ಮ, ಆ ಗಂಜಿ ಇತ್ತ ಕೊಡಿ,” ಎಂದಳು.

ದಾನ್ಬಿ ತಿನ್ನಿಸಿದ ಎರಡು ಚಮಚ ತಿಂದಳು. ಮೂರನೆಯದಕ್ಕೆ ಬಾಯಿ ತೆರೆಯದೆ ತಲೆಯಾಡಿಸಿದಳು, ಆದರೆ ಗೋಡೆಯ ಕಡೆ ತಿರುಗಲಿಲ್ಲ. ದಾನ್ಬಿ ಚಮಚ ಹಿಡಿದು ಕಾಯುತ್ತಲೇ ನಿಂತಿದ್ದಳು.