ಮಂಗಳಮ್ಮನ ಮೆಟ್ಟಿಲುಗಲ್ಲು

ಊರಿನ ಕಸಕ್ಕೆ ಯಾರೂ ಒಳ್ಳೆಯ ಜಾಗ ಕೊಡುವುದಿಲ್ಲ. ನಂಜನಗೂಡಿನ ಆಚೆ ನಮಗೆ ಸಿಕ್ಕಿದ್ದು ಹೂಳು ತುಂಬಿ ಮುಚ್ಚಿಹೋದ ಒಂದು ಕೆರೆಯ ಅಂಗಳ. ಮೇಲೆ ಬಿರುಕುಬಿಟ್ಟ ಎರೆಮಣ್ಣು, ಕೆಳಗೆ ಮೆತ್ತನೆಯ ಜೇಡಿ. ಅಂಥ ನೆಲದ ಮೇಲೆ ಕಸದ ಗುಡ್ಡ ಕಟ್ಟಬೇಕೆಂದರೆ ಅವಸರ ಮಾಡುವಂತಿಲ್ಲ. ಒಂದು ಪದರ ಹಾಕಿ ಕಾಯಬೇಕು. ಜೇಡಿ ನೀರು ಬಿಟ್ಟು ಬಿಗಿಯಾದ ಮೇಲೆ ಇನ್ನೊಂದು. ಗುಡ್ಡ ಎಷ್ಟು ಇಳಿಯಿತು ಎಂದು ದಿನಾ ಅಳೆಯುವುದು ನನ್ನ ಕೆಲಸ.

ಕೆಲಸದ ಹೆಸರೇನೋ ದೊಡ್ಡದು, ಜಿಯೊಟೆಕ್ನಿಕಲ್ ಎಂಜಿನಿಯರ್. ಬೆಳಿಗ್ಗೆ ಲಾರಿಗಳು ಸುರಿದು ಹೋದರೆ ಉಳಿಯುವುದು ನಾನು, ನಾಯಿಗಳು, ವಾಸನೆ. ಸಂಜೆ ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಬೇರೆ ಸೀಟು ಹುಡುಕುತ್ತಿದ್ದರು. ದೇವನೂರಿನ ಮನೆಯಲ್ಲಿ ಅತ್ತಿಗೆ ನಯನ ನನ್ನ ಬಟ್ಟೆಗೆ ಬೇರೆ ಬಕೆಟ್ ಇಟ್ಟಿದ್ದಳು. ತಪ್ಪು ಅವಳದಲ್ಲ, ಆದರೂ ನೋಯುತ್ತಿತ್ತು.

ನನ್ನ ಜೊತೆ ನಿಂತು ಮಾತಾಡುತ್ತಿದ್ದವರು ಮಂಗಳಮ್ಮ ಒಬ್ಬರೇ. ಗುಡ್ಡದ ಮಗ್ಗುಲಲ್ಲೇ ಅವರ ಮನೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಚಪಾತಿ ಒತ್ತಿ ಕಟ್ಟಿಸಿದ್ದು. ನನಗಿಂತ ಮೊದಲಿದ್ದ ಸರ್ವೆಯವರು ಅವರ ಬಾಗಿಲ ಮೆಟ್ಟಿಲುಗಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದರು. ಅದು ಅಲುಗದ ಕಲ್ಲು, ಅದಕ್ಕೆ ಹೋಲಿಸಿ ಗುಡ್ಡದ ಇಳಿತ ಅಳೆಯಬೇಕು ಎಂಬುದು ಲೆಕ್ಕ. ಹಾಗಾಗಿ ದಿನಾ ಅವರ ಬಾಗಿಲಿಗೆ ಹೋಗುತ್ತಿದ್ದೆ. ಮೊದಮೊದಲು ನನಗೆ ಟೀ ಪೇಪರ್ ಲೋಟದಲ್ಲಿ ಬರುತ್ತಿತ್ತು. ನಾನು ದೇವನೂರಿನ ಯಾವ ಕೇರಿಯವಳೆಂದು ಅವರಿಗೆ ಗೊತ್ತಿತ್ತು. ಪೇಪರ್ ಲೋಟ ಯಾಕೆಂದು ನನಗೂ ಗೊತ್ತಿತ್ತು. "ನಿಮ್ಮ ಸ್ಟೀಲ್ ಲೋಟದಲ್ಲೇ ಕೊಡಿ" ಎಂದ ದಿನ ಅವರು ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಕರೆದರು. ಆಮೇಲೆ ಅಳತೆ ಬೇಗ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ.

ಗುಡ್ಡ ಇಳಿಯುತ್ತಿದ್ದುದು ತೀರಾ ಸ್ವಲ್ಪ. ಮೈಸೂರಿನ ಆಫೀಸಿನಿಂದ ರಾಜೇಂದ್ರ ಸರ್ ಖುಷಿಯಾಗಿ, ಮುಂದಿನ ಪದರ ಹಾಕಿಸಿ ಎಂದರು. ನನಗೆ ಮಾತ್ರ ಸಮಾಧಾನ ಇರಲಿಲ್ಲ. ಅಷ್ಟು ಸಾಧುವಾದ ಜೇಡಿಯನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಬಾಗ್ಲು ಆಕಕ್ಕೇ ಆಯ್ತಿಲ್ಲ ಕಣೆ ಅರ್ಪಿತ," ಎಂದರು ಮಂಗಳಮ್ಮ ಒಂದು ದಿನ. "ಬಡಗಿ ರವಿ ಬಂದು ಎರಡ್ ಸಲ ಕೀಸ್ಬುಟ್ಟು ಓದ. ಮಳೆಗೆ ಮರ ಉಬ್ಕಂಡದೆ ಅಂತನೆ."

ಮರ ಉಬ್ಬಿರಲಿಲ್ಲ, ಚೌಕಟ್ಟೇ ಓರೆಯಾಗಿತ್ತು. ಹಾಗಾದರೆ ಮೆಟ್ಟಿಲುಗಲ್ಲೂ ಅಲುಗಿರಬಹುದು. ಹೊಲಗಳ ಆಚೆ ನೆಲದಿಂದ ಎದ್ದು ನಿಂತ ಕರಿಬಂಡೆಯಿಂದ ಹೊಸದಾಗಿ ಅಳತೆ ಹಿಡಿದುಕೊಂಡು ಬಂದೆ. ಮೆಟ್ಟಿಲುಗಲ್ಲು ನಾಲ್ಕು ಬೆರಳು ಕೆಳಗಿಳಿದಿತ್ತು. ಗುಡ್ಡ ತಾನು ಇಳಿಯುತ್ತಾ ಪಕ್ಕದ ಮನೆಯನ್ನೂ ಎಳೆದುಕೊಂಡು ಇಳಿದಿತ್ತು. ಎರಡೂ ಒಟ್ಟಿಗೆ ಇಳಿಯುತ್ತಿದ್ದರಿಂದ ಗುಡ್ಡ ನಿಂತಂತೆ ಕಂಡಿತ್ತು. ಇನ್ನೊಂದು ಪದರ ಬಿದ್ದಿದ್ದರೆ ಗುಡ್ಡ ಜಾರಿ ಆ ಮನೆಯ ಮೇಲೇ ಬರುತ್ತಿತ್ತು.

ಹೇಳಿದರೆ ಮಂಗಳಮ್ಮ ಮನೆ ಬಿಡಬೇಕು. ಹೇಳದಿರುವ ಪ್ರಶ್ನೆಯೇ ಇರಲಿಲ್ಲ. ಆದರೆ ನನಗೆ ಮೊದಲು ಹೊಳೆದದ್ದು ಅವರ ಮನೆಯಲ್ಲ, ಇನ್ನು ದಿನವಿಡೀ ನಾನೊಬ್ಬಳೇ ಎಂಬುದು. ನಾಚಿಕೆಯಾಯಿತು. ಅಲ್ಲೇ ನಿಂತು ಫೋನು ಮಾಡಿ ಲಾರಿಗಳನ್ನು ತಡೆದೆ.

ಆಫೀಸಿನವರು ಬಂದು ಗೋಡೆ ನೋಡಿ, ಮನೆ ಖಾಲಿ ಮಾಡಿ ಎಂದರು. ಬದಲಿ ಮನೆ ಕೊಡುತ್ತೇವೆ ಎಂದರು, ಯಾವಾಗ ಎನ್ನಲಿಲ್ಲ. ಮಂಗಳಮ್ಮ ಹೆಮ್ಮಿಗೆಯಲ್ಲಿರುವ ಮಗಳು ಪವಿತ್ರಳ ಮನೆಗೆ ಹೊರಟರು. ಸಾಮಾನು ಏರಿಸಲು ಹೋದೆ. ಹಾಸಿಗೆ ಸುರುಳಿಯನ್ನು ಅವರು ನನ್ನ ಕೈಗೆ ಕೊಡಲಿಲ್ಲ.

"ಒಂದ್ ಮಾತ್ ಕೇಳ್ತೀನಿ," ಎಂದರು. "ನೀನು ದಿನಾ ಬತ್ತಿದ್ದದ್ದು ನನ್ನ ನೋಡಕ್ಕೊ, ಆ ಕಲ್ಲ ನೋಡಕ್ಕೊ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಮೊದಮೊದಲು ಕಲ್ಲನ್ನೇ," ಎಂದೆ. "ಆಮೇಲೆ ನಿಮ್ಮನ್ನೇ."

ಅವರು ಆಟೋ ಹತ್ತಿ, ಸೆರಗು ಒಳಗೆಳೆದುಕೊಂಡರು. "ಬುಡು. ಇಲ್ಗಾದ್ರೆ ಕಲ್ಲು ನಿನ್ನ ಕರ್ಕಂಬತ್ತಿತ್ತು. ಎಮ್ಮಿಗೆಗೆ ಯಾವುದ್ ಕರ್ಕಂಬಂದದು?"

ಈಗ ಅಳತೆ ಕರಿಬಂಡೆಯಿಂದ. ಅದು ಅಲುಗುವುದಿಲ್ಲ, ಲೆಕ್ಕ ಸರಿಯಾಗಿ ಬರುತ್ತದೆ. ಮಧ್ಯಾಹ್ನ ಅದರ ನೆರಳಲ್ಲೇ ಕೂತು ಡಬ್ಬಿ ಬಿಚ್ಚುತ್ತೇನೆ. ಹೆಮ್ಮಿಗೆಯೇನೂ ದೂರವಲ್ಲ, ಟಿ. ನರಸೀಪುರದಲ್ಲಿ ಇಳಿದು ಬಸ್ಸು ಬದಲಾಯಿಸಿದರೆ ಆಯಿತು. ಪ್ರತಿ ಭಾನುವಾರ ಹೋಗಬೇಕು ಅಂದುಕೊಳ್ಳುತ್ತೇನೆ. ಇನ್ನೂ ಹೋಗಿಲ್ಲ.