ಮರದ ಬುಡದಲ್ಲಿ ಕೊನೆಯ ಕೈ

ತೋಟದ ಕಡೆಯಿಂದ ಹಾಡು ಕೇಳಿಸಿದರೆ ತಿಜಾನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ವಸಂತ ಬಂದು ಖರ್ಜೂರದ ಹೆಣ್ಣುಮರಗಳ ಹೂಗೊನೆ ಬಿರಿದಿತ್ತು. ಗಂಡಸರು ಮರ ಹತ್ತಿ ಗಂಡುಹೂವಿನ ಎಳೆಗಳನ್ನು ಹೆಣ್ಣುಗೊನೆಯೊಳಗಿಟ್ಟು ಕಟ್ಟುತ್ತಿದ್ದರು. ಒಬ್ಬ ತನ್ನ ಮರದ ತುದಿಯಿಂದ ಒಂದು ಸಾಲು ಹಾಡಿದರೆ, ಇನ್ನೊಬ್ಬ ತನ್ನ ಮರದಿಂದ ಮುಂದಿನ ಸಾಲು ಹೇಳಬೇಕು. ಎಷ್ಟೋ ವರ್ಷಗಳಿಂದ ಮರುಭೂಮಿಯಂಚಿನ ಆ ತೋಟದಲ್ಲಿ ಮೊದಲ ಸಾಲು ತಿಜಾನಿಯದೇ. ಈ ವರ್ಷ ಅವನು ಅಂಗಳದ ಚಾಪೆಯ ಮೇಲೆ ಕೂತು ತನ್ನ ಊದಿದ ಕಾಲು ನೋಡಿಕೊಳ್ಳುತ್ತಿದ್ದ.

ಸಕ್ಕರೆ ಕಾಯಿಲೆ ಅವನಿಗೆ ಹಳೆಯ ನಂಟು. ಹೋದ ಚಳಿಗಾಲದಲ್ಲಿ ತೋಝರ್ ಪಟ್ಟಣದ ವೈದ್ಯರು ಹೃದಯವೂ ಸೋತಿದೆ ಎಂದು ಹೇಳಿ, ಉಚ್ಚೆ ಹೋಗುವ ಮಾತ್ರೆಯೊಂದನ್ನು ಕೊಟ್ಟು ಕಳಿಸಿದ್ದರು.

"ನಮ್ಮ ಮರ ನನ್ನನ್ನೇ ಕಾಯ್ತಾ ಇದೆ ಕಣೇ," ಎಂದ ಹೆಂಡತಿ ಮಬ್ರೂಕಾಗೆ. ಮದುವೆಯಾಗಿ ಬಂದಾಗ ಅವಳು ತವರಿನಿಂದ ತಂದ ಸಸಿ ಅದು. ಕಾಲುವೆಯ ಪಕ್ಕ ಇಬ್ಬರೂ ಸೇರಿ ನೆಟ್ಟಿದ್ದರು. ಅದರ ಹೂ ಕಟ್ಟಲು ಅವನು ಬೇರೆ ಯಾರನ್ನೂ ಬಿಟ್ಟವನಲ್ಲ.

"ಕಾಯ್ಲಿ ಬಿಡ್ರಿ. ಬಾಗಿಲ ತನಕ ಹೋಗಿ ಬರೋಕೆ ಏದುಸಿರು ಬಿಡ್ತೀರ, ಇನ್ನು ಮರ ಹತ್ತೋದಂತೆ!"

ಗದರಿದರೂ ಅವಳ ಕೈ ಲೋಟಕ್ಕೆ ಮರದ ರಸ ಸುರಿಯುತ್ತಿತ್ತು. ಖರ್ಜೂರದ ಮರದಿಂದ ಮುಂಜಾನೆ ಇಳಿಸಿದ ಸಿಹಿ ರಸ. ಊರಲ್ಲಿ ಎಲ್ಲರೂ ಕುಡಿಯುವುದೇ. ತಿಜಾನಿಗಂತೂ ಎಷ್ಟು ಕುಡಿದರೂ ಬಾಯಾರಿಕೆ ಇಂಗುತ್ತಿರಲಿಲ್ಲ.

"ಇದೇನು ಅಂಗಡಿ ಸಕ್ಕರೆನಾ? ಮರಕ್ಕೆ ಜೀವ ಕೊಡೋ ರಸ. ಎದೆಗೆ ಬಲ ಬರತ್ತೆ," ಎಂದು ಅವನು ಇನ್ನೊಂದು ಲೋಟ ಕೇಳಿದ.

"ಮಾತ್ರೆ ತಗೊಂಡ್ರಾ?"

"ಆ ಉಚ್ಚೆ ಮಾತ್ರೆನಾ? ಸಕ್ಕರೆ ಕಾಯಿಲೆನೇ ನನ್ನನ್ನ ಹಗಲೂ ರಾತ್ರಿ ಬಚ್ಚಲಿಗೆ ಓಡಿಸ್ತಿದೆ. ಅದರ ಮೇಲೆ ಮಾತ್ರೆ ಬೇರೆ ಯಾಕೆ? ಬಿಟ್ಟು ವಾರ ಆಯ್ತು."

ಮಬ್ರೂಕಾಗೂ ಅದು ಸರಿ ಅನ್ನಿಸಿತು. ಇನ್ನೊಂದು ಲೋಟ ತುಂಬಿಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಸುಡುತ್ತಿದ್ದಾಗ ತಿಜಾನಿ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಮೆಲ್ಲನೆ ಹೊರಬಿದ್ದ. ಮರ ಕಣ್ಣಿಗೆ ಕಾಣುತ್ತಿತ್ತು. ಆದರೆ ಕಾಲುವೆಯ ದಂಡೆ ತಲುಪುವಷ್ಟರಲ್ಲಿ ಉಸಿರು ಸಿಗದೆ ಕುಸಿದು ಕೂತ. ಪಕ್ಕದ ಮರದ ತುದಿಯಲ್ಲಿದ್ದ ಗೆಳೆಯ ಖಮೀಸ್ ಹಾಡು ನಿಲ್ಲಿಸಿ ಸರಸರನೆ ಇಳಿದು ಬಂದ.

"ಮುದಿ ಕತ್ತೆ! ಯಾರು ಕರೆದ್ರೋ ನಿನ್ನ?" ಎಂದು ಬೈಯುತ್ತಲೇ ತನ್ನ ಕತ್ತೆಗಾಡಿಯಲ್ಲಿ ಮಲಗಿಸಿ ಮನೆಗೆ ತಂದ. ಬೈಗುಳದ ನಡುವೆ ಅವನ ಕಣ್ಣು ತುಂಬಿತ್ತು.

ಖಮೀಸನ ಮಗಳು ಸಲ್ವಾ ಊರಿನ ಚಿಕಿತ್ಸಾಲಯದಲ್ಲಿ ನರ್ಸು. ಸುದ್ದಿ ತಿಳಿದು ಓಡಿ ಬಂದವಳೇ ತಿಜಾನಿಯನ್ನು ಎತ್ತಿ ಕೂರಿಸಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು. ಕಾಲನ್ನು ಹೆಬ್ಬೆರಳಿಂದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ದೊಡ್ಡಪ್ಪ, ನೀರಿನ ಮಾತ್ರೆ ಬಿಟ್ಟಿದ್ದೀರಲ್ವಾ?"

"ಉಚ್ಚೆ ಹೇಗೂ ಹೋಗ್ತಿತ್ತಲ್ಲಮ್ಮ!"

"ಅದು ಸಕ್ಕರೆ ಏರಿದ್ದಕ್ಕೆ ಹೋಗ್ತಿದ್ದದ್ದು. ಸಕ್ಕರೆ ಏರಿದ್ರೆ ಬಾಯಾರತ್ತೆ, ನೀವು ಲೋಟಗಟ್ಟಲೆ ಕುಡೀತೀರ. ಸೋತ ಹೃದಯ ಅಷ್ಟನ್ನ ಹೊರೋಕಾಗದೆ ಕಾಲಲ್ಲಿ, ಎದೆಯಲ್ಲಿ ನೀರು ನಿಲ್ಲತ್ತೆ. ಆ ನಿಂತ ನೀರು ತೆಗೆಯೋಕೇ ಈ ಮಾತ್ರೆ."

"ಮರದ ರಸ?" ಮಬ್ರೂಕಾ ಮೂಲೆಯ ಮಡಕೆಯತ್ತ ನೋಡಿದಳು.

"ಮರದಿಂದ ಬಂದ್ರೂ ಸಕ್ಕರೆ ಸಕ್ಕರೆನೇ ದೊಡ್ಡಮ್ಮ. ವರ್ಷಗಟ್ಟಲೆ ಸಕ್ಕರೆ ಹತೋಟಿ ತಪ್ಪಿದ್ರೆ ಹೃದಯದ ರಕ್ತನಾಳಗಳು ಹೂಳು ತುಂಬಿದ ಕಾಲುವೆ ಹಾಗಾಗತ್ತೆ, ಹೃದಯದ ಬಲವೂ ಕುಗ್ಗತ್ತೆ. ಇವು ಎರಡು ಬೇರೆ ಕಾಯಿಲೆ ಅಂತ ತಿಳೀಬೇಡಿ. ಒಂದು ಕೆಟ್ರೆ ಇನ್ನೊಂದೂ ಕೆಡತ್ತೆ."

ತಿಜಾನಿ ಸಲ್ವಾಳ ಕೈ ಹಿಡಿದುಕೊಂಡ. ಅವನಿಗೆ ಕೇಳಬೇಕಿದ್ದದ್ದು ಒಂದೇ. "ನಾನು ಮತ್ತೆ ಮರ ಹತ್ತುತ್ತೀನಾ?"

ಸಲ್ವಾ ಅವನ ಪಕ್ಕ ಕೂತಳು. "ಸುಳ್ಳು ಹೇಳಲ್ಲ ದೊಡ್ಡಪ್ಪ, ಹತ್ತೋದು ಕಷ್ಟ. ಆದ್ರೆ ಹೇಳಿದ ಹಾಗೆ ಕೇಳಿದ್ರೆ ಮರದ ಬುಡದ ತನಕ ನೀವೇ ನಡೆದು ಹೋಗಬಹುದು."

ಅವನು ಗೋಡೆ ಕಡೆ ಮುಖ ತಿರುಗಿಸಿದ. ಆ ಹೊತ್ತಿಗೆ ಬುಡ ಅವನಿಗೆ ಬೇಡವಾಗಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಎರಡೂ ಕಾಯಿಲೆಯನ್ನು ಜೊತೆಗಿಟ್ಟು ನೋಡಿದರು. ಸಕ್ಕರೆಯ ಹಳೆಯ ಮಾತ್ರೆ ಬದಲಿಸಿ, ಹೃದಯಕ್ಕೂ ಒಳ್ಳೆಯದಾಗುವಂಥದ್ದನ್ನು ಕೊಟ್ಟರು, ನೀರಿನ ಮಾತ್ರೆಯನ್ನೂ ಮತ್ತೆ ಶುರುಮಾಡಿಸಿದರು. ಮನೆಗೆ ಬಂದ ಮೇಲೆ ಮಬ್ರೂಕಾ ಮರದ ರಸದ ಮಡಕೆ ಕವುಚಿಟ್ಟಳು. ರೊಟ್ಟಿಗೆ ಉಪ್ಪು ಕಡಿಮೆಯಾಯಿತು. ನೀರು ಎಷ್ಟು ಕುಡಿಯಬೇಕೆಂದು ವೈದ್ಯರು ಹೇಳಿದ್ದರೋ ಅಷ್ಟೇ. ದಿನಾ ಬೆಳಿಗ್ಗೆ ತಿಜಾನಿ ತೂಕದ ಯಂತ್ರ ಹತ್ತಿ, ಮೈಯಲ್ಲಿ ಮತ್ತೆ ನೀರು ನಿಲ್ಲುತ್ತಿದೆಯೇ ಎಂದು ತೂಕ ನೋಡಿಕೊಳ್ಳುತ್ತಿದ್ದ. "ನನಗೆ ಹತ್ತೋಕೆ ಉಳಿದದ್ದು ಇದೊಂದೇ," ಎಂದು ಗೊಣಗುತ್ತಿದ್ದ. ಒಮ್ಮೆ ಎರಡೇ ದಿನದಲ್ಲಿ ತೂಕ ಎರಡು ಕಿಲೋ ಏರಿದಾಗ, ಅವನೇ ಮೊದಲು ಸಲ್ವಾಗೆ ಫೋನ್ ಮಾಡಿದ.

ಶರತ್ಕಾಲ ಬಂತು. ಕಾಲಿನ ಊತ ಇಳಿದಿತ್ತು. ಕೊಯ್ಲಿನ ದಿನ ಅವನು ನಡುನಡುವೆ ನಿಂತು, ದಣಿವಾರಿಸಿಕೊಂಡು, ಮರದ ಬುಡಕ್ಕೆ ತಲುಪಿದ. ಅವರ ಕಡೆ ಗೊನೆಯನ್ನು ಕೆಳಗೆ ಎಸೆಯುವುದಿಲ್ಲ. ಕಾಂಡದುದ್ದಕ್ಕೂ ಒಬ್ಬರ ಕೆಳಗೊಬ್ಬರು ಜೋತು ನಿಂತು, ಕೈಯಿಂದ ಕೈಗೆ ಇಳಿಸುತ್ತಾರೆ. ತುದಿಯಲ್ಲಿದ್ದವನು ಖಮೀಸ್; ವಸಂತದಲ್ಲಿ ತಿಜಾನಿಯ ಬದಲು ಆ ಮರದ ಹೂ ಕಟ್ಟಿದವನೂ ಅವನೇ. ಒಂದು ಕಾಲದಲ್ಲಿ ತನ್ನದಾಗಿದ್ದ ಆ ಜಾಗವನ್ನು ತಿಜಾನಿ ತಲೆಯೆತ್ತಿ ನೋಡುತ್ತ ನಿಂತ.

"ಏ ಮುದಿ ಕತ್ತೆ!" ಖಮೀಸ್ ಮೇಲಿನಿಂದ ಕೂಗಿದ. "ಮೊದಲ ಸಾಲು ಯಾರು ಹೇಳ್ತಾರೆ? ನನ್ನ ಗಾಡಿಯ ಕತ್ತೆನಾ?"

ತಿಜಾನಿ ಹಾಡಿದ. ದನಿ ಸಣ್ಣಗಿತ್ತು, ಆದರೂ ತುದಿ ಮುಟ್ಟಿತು. ಮೇಲಿನಿಂದ ಎರಡನೇ ಸಾಲು ಬಂತು, ಅದರ ಹಿಂದೆಯೇ ಹೊಂಬಣ್ಣದ ಗೊನೆ ಕೈಯಿಂದ ಕೈಗೆ ಇಳಿಯುತ್ತ ಬಂತು. ನೆಲದ ಮೇಲೆ ನಿಂತ ಕೊನೆಯ ಕೈ ತಿಜಾನಿಯದು. ಮಬ್ರೂಕಾ ಪಕ್ಕದಿಂದ ಆಸರೆ ಕೊಟ್ಟಳು. ಇಬ್ಬರೂ ಸೇರಿ ನೆಟ್ಟ ಮರದ ಗೊನೆಯನ್ನು ಇಬ್ಬರೂ ಸೇರಿ ಇಳಿಸಿಕೊಂಡರು.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆ ಇರುವವರ ಕಾಲು ಊದುತ್ತಿದೆಯೇ? ಮಲಗಿದರೆ ಉಸಿರು ಕಟ್ಟುತ್ತದೆಯೇ? ವಯಸ್ಸಾಯಿತು ಎಂದು ಸುಮ್ಮನಿರಬೇಡಿ, ಹೃದಯ ಪರೀಕ್ಷೆ ಮಾಡಿಸಿ. ಹೃದಯ ಸೋತವರು, ಅಂದರೆ ಹೃದಯ ವೈಫಲ್ಯ ಇರುವವರು, ಸಕ್ಕರೆಯನ್ನೂ ಹತೋಟಿಯಲ್ಲಿಡಿ. ಯಾವ ವೈದ್ಯರ ಬಳಿ ಹೋದರೂ ಎರಡೂ ಕಾಯಿಲೆಯನ್ನು ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನೀವು ನೆಟ್ಟ ಮರದ ಬುಡದಲ್ಲಿ ನಿಮ್ಮ ಜಾಗ ಖಾಲಿಯಾಗದಿರಲಿ.