ಗಾಣದ ನೀರು, ಶಾಲೆಯ ಅಂಗಿ

"ಇದನ್ನ ಒಗ್ದು ಹಾಕ್ಕೊಂಡು ಬಂದಿದ್ದೀಯೋ, ಇದ್ರಲ್ಲಿ ನಿಮ್ಮಮ್ಮ ಕತ್ತೆ ಮೈ ಉಜ್ಜಿದ್ಲೋ?"

ಹೆಡ್‌ಮಾಸ್ತರ ಸಿ ಮೆಕ್ಕಿ, ಹುಡುಗಿ ತೂದಾಳ ಅಂಗಿಯ ಕಾಲರನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದೆತ್ತಿದ್ದ. ಸೋಮವಾರದ ಬಾವುಟದ ಸಾಲು. ಮಕ್ಕಳೆಲ್ಲ ನಕ್ಕವು. ಗೇಟಿನ ಹೊರಗೆ ನಿಂತಿದ್ದ ಅವಳ ತಾಯಿ ಯಮ್ನಾಗೆ ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಗಳ ಬಿಳಿ ಮೇಲಂಗಿಯ ಎದೆಯಿಂದ ಅಂಚಿನವರೆಗೂ ಕಂದು ಕಲೆ. ಹಿಂದಿನ ದಿನವಷ್ಟೇ ಅದನ್ನವಳು ಮೂರು ಸಲ ಒಗೆದಿದ್ದಳು.

ಇದು ಎರಡನೇ ಸಲ, ಬರುವ ಸೋಮವಾರವೂ ಹೀಗೇ ಬಂದರೆ ಹೆಸರು ಹೊಡೆದುಹಾಕುತ್ತೇನೆ ಎಂದು ಹೇಳಿ ಅವನು ತೂದಾಳನ್ನು ಮನೆಗೆ ಅಟ್ಟಿದ. ಹುಡುಗಿ ಆರನೇ ಕ್ಲಾಸು. ಬೇಸಿಗೆಯ ಪರೀಕ್ಷೆ ಪಾಸಾದರೆ ಪಟ್ಟಣದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗ. ಹೆಸರು ಹೋದರೆ ಊರಿನ ಧಣಿ ಹಾಜಿ ಜಿಲಾಲಿಯ ಎಣ್ಣೆಗಾಣದಲ್ಲಿ ಆಲಿವ್ ಕಾಯಿ ಆರಿಸುವ ಕೆಲಸ. ಹಾಜಿ ಆಗಲೇ ಅವಳ ಬೆರಳು ನೋಡಿ, ಚುರುಕಾಗಿವೆ ಎಂದು ಹೊಗಳಿದ್ದ. ಯಮ್ನಾ ಮಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಿದ್ದಳು.

ಕಲೆ ಎಲ್ಲಿಯದೆಂದು ಊರಿಗೆಲ್ಲ ಗೊತ್ತು. ಚಳಿಗಾಲ ಬಂದು ಗಾಣ ತಿರುಗಿತೆಂದರೆ ಎಣ್ಣೆ ಹಾಜಿಯ ಪೀಪಾಯಿಗೆ, ಕಾಯಿ ಹಿಂಡಿ ಉಳಿದ ಕರಿನೀರು ಹೊಳೆಗೆ. ಬೀದಿಯ ನಲ್ಲಿ ಕೆಟ್ಟು ಆರು ವರ್ಷವಾಗಿತ್ತು. ಕುಡಿಯುವ ನೀರನ್ನು ಎರಡು ಮೈಲಿಯಾಚೆಯ ಬುಗ್ಗೆಯಿಂದ ಕತ್ತೆಯ ಮೇಲೆ ತರಬೇಕು. ಅದರಲ್ಲಿ ಬಟ್ಟೆ ಒಗೆದರೆ ಮಕ್ಕಳು ಕುಡಿಯುವುದೇನು?

ಯಮ್ನಾ ಹೊಳೆಗೇ ಇಳಿದಳು. ಬೂದಿ ಹಾಕಿ ತಿಕ್ಕಿದಳು, ನಿಂಬೆಹಣ್ಣಿಗೆ ಉಪ್ಪು ಹಚ್ಚಿ ಉಜ್ಜಿದಳು, ಕಲ್ಲಿಗೆ ಕುಕ್ಕಿದಳು. ಬೆರಳ ಸಂದಿಯ ಚರ್ಮ ಸುಲಿಯಿತೇ ಹೊರತು ಕಲೆ ಕದಲಲಿಲ್ಲ. ಪಕ್ಕದ ಮನೆಯ ಮಹಜೂಬಾ, ಬಟ್ಟೆ ಬಿಳಿ ಮಾಡುವ ಜಾವೆಲ್ ನೀರಿನ ಸೀಸೆ ಕೊಟ್ಟು, "ಸುರಿಯಮ್ಮಿ ಒಂದಿಷ್ಟು. ಬಡ್ಡೀಮಗಂದು ಕಲೆ, ಹೆಂಗೆ ನಿಂತ್ಕತದೋ ನೋಡಾನ" ಅಂದಳು. ಸೀಸೆಯ ಮೇಲೆ ಬೆಳ್ಳಗೆ ಹೊಳೆಯುವ ಅಂಗಿಯ ಚಿತ್ರವಿತ್ತು. ಆ ಹೆಂಗಸರಿಗೆ ಓದಲು ಬರುತ್ತಿದ್ದುದು ಅಷ್ಟೇ. ಜಾವೆಲ್ ಬಿದ್ದದ್ದೇ ಗಾಣದ ನೀರಿನ ಕಲೆ ಇನ್ನಷ್ಟು ಕೆಂಪಗಾಗಿ ನೂಲಿನೊಳಗೆ ಕೂತುಬಿಟ್ಟಿತು. ಪ್ರತಿ ವರ್ಷವೂ ಪ್ರತಿ ಮನೆಯಲ್ಲೂ ಇದೇ ಆಗುತ್ತದೆ. ಆದರೂ ಸುರಿಯುತ್ತಾರೆ. ಸುಮ್ಮನೆ ಕೂರಲು ಯಾವ ತಾಯಿಗೆ ಆದೀತು?

ಯಮ್ನಾ ಕೆಲಸ ಮಾಡುತ್ತಿದ್ದದ್ದು ಹಾಜಿಯ ಮನೆಯಲ್ಲೇ. ಆ ಮನೆಗೆ ಆಳವಾದ ಬಾವಿ, ಅಂಗಳದಲ್ಲಿ ನಲ್ಲಿ. ಹಾಜಿಯ ಮಗಳು ಹಿಬಾ ತೂದಾಳ ಕ್ಲಾಸೇ. ಅವಳ ಎರಡು ಬಿಳಿ ಅಂಗಿಗಳನ್ನು ಒಗೆದು ಇಸ್ತ್ರಿ ಹಾಕುವುದು, ಬೆಳಿಗ್ಗೆ ತೊಡಿಸಿ ಶಾಲೆಗೆ ಬಿಟ್ಟುಬರುವುದು ಯಮ್ನಾಳ ಪಾಲಿನದು. ಶನಿವಾರ ಮಗಳ ಅಂಗಿಯನ್ನು ಸೆರಗಿನಲ್ಲಿ ಮುಚ್ಚಿ ತಂದು, ಹಾಜಿಯ ಹೆಂಡತಿ ಲಲ್ಲಾ ಬತೂಲಳನ್ನು ಒಂದು ಬಕೆಟ್ಟು ನೀರು ಕೇಳಿದಳು.

"ಅದನ್ನ ನಮ್ಮ ಬೋಗುಣಿಗೆ ಅದ್ದಬೇಡ ಮಾರಾಯ್ತಿ, ನನ್ನ ಮಗೂ ಬಟ್ಟೆ ಒಗೆಯೋದು ಅದ್ರಲ್ಲೇ" ಅಂದಳು ಲಲ್ಲಾ. "ಇವತ್ತು ನಿಂದು ಅಂಗಿ. ನಾಳೆ ಇಡೀ ಕೇರಿ ಕೌದಿ ಹೊತ್ಕೊಂಡು ಬರ್ತದೆ."

ಜಗಲಿಯಲ್ಲಿ ಪುದೀನ ಚಹಾ ಕುಡಿಯುತ್ತಿದ್ದ ಹಾಜಿ ಕಣ್ಣೆತ್ತಿದ. "ಕಲೆ ಹೋಗ್ಬೇಕಾದ್ರೆ ರಟ್ಟೇಲಿ ಕಸುವಿರ್ಬೇಕು. ದರಬೇಸಿ ಮುಂಡೇವು, ಮೈಗಳ್ಳತನಕ್ಕೆ ನೀರಿನ ಮೇಲೆ ತಪ್ಪು ಹಾಕ್ತವೆ."

"ನೀರು ಗಾಣದ್ದು ಹಾಜಿಯೋರೆ," ಅಂದುಬಿಟ್ಟಳು ಯಮ್ನಾ.

"ಗಾಣ ನಂದು. ಹೊಳೆ ದೇವ್ರುದು. ಹೋಗಿ ದೇವ್ರನ್ನೇ ಕೇಳು."

ಅಷ್ಟು ಹೇಳಿ ಅವನು ಚಹಾಕ್ಕೆ ಮತ್ತೊಂದು ಸಕ್ಕರೆ ತುಂಡು ಹಾಕಿಕೊಂಡ. ಯಮ್ನಾ ಅಂಗಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು.

ಹಾಜಿಯ ಮನೆಯ ಉಣ್ಣೆಯ ಕಂಬಳಿಗಳನ್ನು ಹೊಳೆಯಲ್ಲೇ ಒಗೆಯುವುದು ವಾಡಿಕೆ. ಭಾನುವಾರ ಅವಳು ಕಂಬಳಿಗಳ ನಡುವೆ ಹಿಬಾಳ ಎರಡೂ ಅಂಗಿಗಳನ್ನಿಟ್ಟು ಹೊತ್ತುಕೊಂಡು ಹೋದಳು. ಗಾಣದ ತೂಬಿನ ಬಾಯಿಗೇ ಹಿಡಿದು ಅದ್ದಿದಳು, ಮೇಲೆ ಜಾವೆಲ್ ಸುರಿದಳು. ಒಣಗಿದ ಮೇಲೆ ಕಲೆ ಒಳಗಾಗುವಂತೆ ಮಡಚಿ, ಇಸ್ತ್ರಿ ಹಾಕಿ ಕಪಾಟಿನಲ್ಲಿಟ್ಟಳು. ಹಾಜಿಯ ಮಗಳೂ ಹೀಗೇ ನಿಂತರೆ ಆ ಮಾಸ್ತರ ಯಾರನ್ನೆಂದು ಅಟ್ಟುತ್ತಾನೆ? ಅವಳ ಲೆಕ್ಕ ಅಷ್ಟೇ ಇತ್ತು.

ಸೋಮವಾರ ಲಲ್ಲಾ ಇನ್ನೂ ಹಾಸಿಗೆಯಲ್ಲಿದ್ದಾಗ ಹಿಬಾಳಿಗೆ ಅಂಗಿ ತೊಡಿಸಿ, ಮೇಲೆ ಉಣ್ಣೆಯ ನಿಲುವಂಗಿ ಹಾಕಿದಳು. ಗೇಟಿನ ಬಳಿ ಅದನ್ನು ಬಿಚ್ಚಿಕೊಂಡಾಗ ಮಗು ಬಗ್ಗಿ ಎದೆ ನೋಡಿಕೊಂಡು, ಇದ್ಯಾಕೆ ಹೀಗಾಗಿದೆ ಎಂದು ಕೇಳಿತು. ಅದೇನು ಪಾಪ ಮಾಡಿತ್ತು? ಯಮ್ನಾ ಬೆನ್ನು ಸವರಿ ಒಳಗೆ ಕಳಿಸಿದಳು.

ಸಾಲಿನಲ್ಲಿ ತೂದಾ, ಪಕ್ಕದಲ್ಲಿ ಹಿಬಾ. ಇಬ್ಬರ ಎದೆಯ ಮೇಲೂ ಅದೇ ಕಂದು. ಸಿ ಮೆಕ್ಕಿ ನಡೆದು ಬಂದು ಹಿಬಾಳ ಮುಂದೆ ನಿಂತ. ಯಮ್ನಾ ಗೇಟಿನ ಸರಳು ಹಿಡಿದುಕೊಂಡಳು. ಅವನು ಬಗ್ಗಿ ಕಲೆಯನ್ನು ನೋಡಿದ.

"ಅಯ್ಯೋ ಪಾಪ, ಹೊಳೆ ನೀರು ತಾಗಿದೆ ಅಂತ ಕಾಣುತ್ತಮ್ಮ. ಈ ಗಾಣದ ಕಾಲದಲ್ಲಿ ಯಾರೇನು ಮಾಡೋಕಾಗುತ್ತೆ. ಹೋಗು, ಚಳಿ ಇದೆ, ಒಳಗೆ ಕೂತ್ಕೋ."

ಆಮೇಲೆ ಒಂದು ಹೆಜ್ಜೆ ಪಕ್ಕಕ್ಕಿಟ್ಟು ತೂದಾಳನ್ನು ನೋಡಿ, "ನಿಂದು ಮೂರನೇದು" ಅಂದು ಗೇಟು ತೋರಿಸಿದ.

ತೂದಾ ಚೀಲ ತಬ್ಬಿಕೊಂಡು ಹೊರಗೆ ಬಂದಳು. "ಅವ್ವಾ, ಹಿಬಾದೂ ಹಿಂಗೇ ಇತ್ತಲ್ಲವ್ವಾ" ಎಂದು ದಾರಿಯುದ್ದಕ್ಕೂ ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಲಲ್ಲಾ ಬತೂಲ್ ಎರಡೂ ಅಂಗಿಗಳನ್ನು ಯಮ್ನಾಳ ಮುಖಕ್ಕೆ ಎಸೆದು ಹೊಸ್ತಿಲು ತುಳಿಯಬೇಡ ಎಂದಳು. ಹಾಜಿ ಕೂಗಾಡಲೂ ಇಲ್ಲ. ಗಾಣಕ್ಕೆ ಕೈ ಸಾಲದು, ತಾಯಿ ಮಗಳಿಬ್ಬರೂ ನಾಳೆಯಿಂದ ಆಲಿವ್ ಆರಿಸಲು ಬನ್ನಿ ಎಂದ. ಅದು ಬಿಟ್ಟರೆ ಊರಲ್ಲಿ ಬೇರೆ ಕೂಲಿಯಿರಲಿಲ್ಲ.

ಮರುದಿನ ತೂದಾ ಆ ಬಿಳಿ ಮೇಲಂಗಿಯನ್ನೇ ತೊಟ್ಟು ಗಾಣದಲ್ಲಿ ಆಲಿವ್ ಹರಡಿದ ಹಲಗೆಯ ಮುಂದೆ ಕೂತಳು. ಹೊತ್ತೇರುವಷ್ಟರಲ್ಲಿ ಬೆರಳುಗಳು ಕಪ್ಪಾದವು. ಅವಳು ಅವನ್ನು ಎದೆಯ ಮೇಲೆ, ಕಲೆಯಿಲ್ಲದ ಜಾಗ ಹುಡುಕಿ ಹುಡುಕಿ, ಒರೆಸಿಕೊಂಡಳು. ಯಮ್ನಾ ಮುಂದಿನ ಬುಟ್ಟಿಯನ್ನು ಹಲಗೆಗೆ ಸುರಿದಳು.